ಬೇಲಿಯ ಕೆಳಗಿನ ಇದ್ದಿಲು

ಓದುಗರು ಮೊದಲು ಕ್ಷಮಿಸಬೇಕು. ನಾನು ಪತ್ತೇದಾರನಲ್ಲ. ಸ್ಯಾನ್ ಮಟಿಯೋದ ಒಂದು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವನು. ಆ ವಿದ್ಯೆಯನ್ನೂ ಬೆಂಗಳೂರಿನ ಸಂಜೆ ಪಾಲಿಟೆಕ್ನಿಕ್ಕಿನಲ್ಲಿ, ಹಗಲಿನ ಕೆಲಸ ಮುಗಿಸಿ ತೂಕಡಿಸುತ್ತ ಕಲಿತದ್ದು. ಇಂಥವನು ಎರಡು ಮನೆಗಳ ನಡುವಿನ ವ್ಯಾಜ್ಯವನ್ನು ಎಲ್ಲರ ಮುಂದೆ ಹೇಳುವುದು ಅಧಿಕಪ್ರಸಂಗವೆಂದು ನನಗೂ ಗೊತ್ತು. ಆದರೆ ಈ ವಾರದ ಭಾಗವನ್ನು ಬೇರೆ ಯಾರೂ ಹೇಳಲಾರರು. ಯಾಕೆಂಬುದು ಕೊನೆಯ ಹೊತ್ತಿಗೆ ತಿಳಿಯುತ್ತದೆ.

"ಸಿಕ್ತಾ?" ಎಂದರು ಮೈಥಿಲಿ.

ನೆಲಕ್ಕೆ ಇಳಿಸಿದ ಸಲಾಕೆ ಒಂದೂವರೆ ಅಡಿ ಆಳದಲ್ಲಿ ಏನಕ್ಕೋ ತಾಗಿ ಕರ್ ಎಂದಿತ್ತು. ಕಲ್ಲಿನ ಸದ್ದಲ್ಲ. ಕಲ್ಲಾಗಿದ್ದರೆ ಕೈ ಜುಮ್ಮೆನ್ನುತ್ತಿತ್ತು.

"ಏನೋ ಇದೆ. ಸ್ವಲ್ಪ ತಾಳಿ."

1986ರ ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಫ್ರೀಮಾಂಟಿನಲ್ಲಿ ಮೈಥಿಲಿಯವರ ಮನೆಯ ಹಿತ್ತಿಲಿನ ಕೊನೆಯ ಮೂಲೆಯಲ್ಲಿ, ಪಕ್ಕದ ಮನೆಯ ಡಾಕ್ಟರ್ ದ್ವಾರಕಾನಾಥರ ಹಲಗೆ ಬೇಲಿಯ ಬುಡದಲ್ಲಿ ನಾನು ಮೊಣಕಾಲೂರಿ ಕೂತಿದ್ದೆ. ಹಿಂದಿನ ವಾರದ ಅಳತೆಯಿಂದ ತಿಳಿದದ್ದು ಇಷ್ಟು: ಬೇಲಿ ರಸ್ತೆಯ ಕಡೆ ಸರಿಯಾಗಿಯೇ ಶುರುವಾಗುತ್ತದೆ, ಹಿಂದಕ್ಕೆ ಹೋಗುತ್ತ ಮೈಥಿಲಿಯವರ ಕಡೆಗೆ ವಾಲುತ್ತದೆ, ಮೂಲೆ ಮುಟ್ಟುವಾಗ ಮೂರು ಅಡಿ ಒಳಗೆ ಬಂದಿರುತ್ತದೆ. ನಿಜವಾದ ಮೂಲೆಯ ಗುರುತಿಗೆ ನೆಟ್ಟಿದ್ದ ಕಬ್ಬಿಣದ ಕೊಳವೆ ಕಾಣೆಯಾಗಿದೆ.

ಮೂರು ಅಡಿ ದೊಡ್ಡದೇನಲ್ಲ, ಒಂದು ಹೆಜ್ಜೆಯ ಮಾತು. ಆದರೆ ಆ ಮೂರು ಅಡಿ ಇಲ್ಲದೆ ಗೌರಮ್ಮನವರಿಗೆ ಬಚ್ಚಲಿಲ್ಲ.

ಗೌರಮ್ಮ ಮೈಥಿಲಿಯವರ ಅತ್ತೆ, ಮಂಡ್ಯದ ಕಡೆಯವರು. ಏಪ್ರಿಲ್‌ನಲ್ಲಿ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡರು. ಮನೆಯ ಸ್ನಾನದ ಕೋಣೆ ಇರುವುದು ಮಹಡಿಯ ಮೇಲೆ. ಕೆಳಗಿರುವುದು ಬರೀ ಒಂದು ಕಮೋಡು, ಒಂದು ಸಿಂಕು. ಆರು ತಿಂಗಳಿಂದ ಲಿವಿಂಗ್ ರೂಮಿನ ಮಂಚದ ಮೇಲೆಯೇ ಸೊಸೆ ಒದ್ದೆ ಬಟ್ಟೆಯಲ್ಲಿ ಅವರ ಮೈ ಒರೆಸುತ್ತಿದ್ದರು. ತಲೆಗೆ ನೀರು ಬಿದ್ದಿರಲಿಲ್ಲ.

ಕೆಳಗೆ ಒಂದು ರೂಮು, ಬಚ್ಚಲು ಕಟ್ಟಿಸಲು ಮೈಥಿಲಿ ಪರ್ಮಿಟ್ ಪಡೆದಿದ್ದರು. ಗೋಡೆಗೂ ಗಡಿಗೂ ನಡುವೆ ಐದು ಅಡಿ ಬಿಡಬೇಕು. ದಾಖಲೆಯ ಗಡಿಯಿಂದ ಅಳೆದರೆ ಐದು ಅಡಿ ಎರಡು ಇಂಚು ಸಿಗುತ್ತದೆ. ಬೇಲಿಯಿಂದ ಅಳೆದರೆ ಎರಡು ಅಡಿ ಎರಡು ಇಂಚು. ಮೊದಲು ಗಡಿ ಇತ್ಯರ್ಥವಾಗಲಿ ಎಂದು ಸಿಟಿ ಆಫೀಸಿನವರು ಕೆಲಸ ನಿಲ್ಲಿಸಿದ್ದರು. ಪರ್ಮಿಟ್ಟಿನ ಅವಧಿ ನವೆಂಬರ್ ಹದಿನೈದಕ್ಕೆ ಮುಗಿಯುತ್ತಿತ್ತು.

ಬೇಲಿ ಯಾವಾಗ ಹಾಕಿದ್ದು ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಡಾಕ್ಟರು 1981 ಎನ್ನುತ್ತಿದ್ದರು. ಮೈಥಿಲಿ, 1983ರ ಬಿರುಗಾಳಿಗೆ ಹಳೆಯ ಬೇಲಿ ಬಿದ್ದ ಮೇಲೆ ಎನ್ನುತ್ತಿದ್ದರು. ಇಬ್ಬರೂ ಒಪ್ಪಿ ಹಾಕಿದ ಬೇಲಿ ಐದು ವರ್ಷ ದಾಟಿದ್ದರೆ ಆ ಮೂರು ಅಡಿಯ ಆಸೆ ಕೈಬಿಡಬೇಕಾದೀತು ಎಂದು ವಕೀಲರು ಹೇಳಿದ್ದರು. ನಿಜ ಬಲ್ಲವರು ಮೈಥಿಲಿಯವರ ಗಂಡ ಜಯರಾಮ್. ಎರಡು ವರ್ಷದ ಹಿಂದೆ ಆಫೀಸಿನಲ್ಲೇ ಎದೆನೋವು ಬಂದು ಅವರು ತೀರಿಕೊಂಡಿದ್ದರು.

ನಾನು ಕರಣೆಯಿಂದ ಮಣ್ಣು ಕೆರೆದೆ. ಕಪ್ಪಾಗಿ ಏನೋ ಕಾಣಿಸಿತು. ಕೈಯಲ್ಲಿ ಎತ್ತಿದೆ.

ಇದ್ದಿಲು. ಒಂದಲ್ಲ, ಹದಿನಾಲ್ಕು. ಜೊತೆಗೆ ಒಡೆದ ಹೂಕುಂಡದ ನಾಲ್ಕು ಚೂರು.

ಮೈಥಿಲಿ ಹುಲ್ಲಿನ ಮೇಲೆ ಕೂತುಬಿಟ್ಟರು. "ಮುಗೀತು ಬಿಡಿ. ಮಾವನವರು ಹೂತಿದ್ದು ಇಲ್ಲೇ. ಮೂಲೆ ಇದೇ. ಡಾಕ್ಟ್ರು ಹೇಳಿದ್ದೇ ನಿಜ."

ಇದ್ದಿಲು ಹುಡುಕುವ ಯೋಚನೆ ನನ್ನದಲ್ಲ, ಗೌರಮ್ಮನವರದು. ಅವರ ಯಜಮಾನರು ಮಲ್ಲಪ್ಪ ಸರ್ವೆ ಇಲಾಖೆಯಲ್ಲಿ ಅಳತೆಯ ಸರಪಳಿ ಹಿಡಿಯುವ ಕೆಲಸದಲ್ಲಿದ್ದವರು. ಜಮೀನಿನ ಗಡಿಗೆ ಬಾಂದು ಕಲ್ಲು ನೆಡುವಾಗ ಅದರ ಕೆಳಗೆ ಒಂದು ಬೊಗಸೆ ಇದ್ದಿಲು, ನಾಲ್ಕು ಮಡಕೆ ಚೂರು ಹಾಕುವುದು ಅವರ ಪದ್ಧತಿಯಾಗಿತ್ತು. ಕಲ್ಲು ಕಿತ್ತು ಆಚೆ ನೆಡುವವನಿಗೆ ಕೆಳಗಿನ ಇದ್ದಿಲು ನೆನಪಾಗುವುದಿಲ್ಲ. ಅದು ಕೊಳೆಯುವುದಿಲ್ಲ, ಗೆದ್ದಲೂ ತಿನ್ನುವುದಿಲ್ಲ.

1979ರಲ್ಲಿ ಮಗನ ಹೊಸ ಮನೆ ನೋಡಲು ಬಂದಾಗ ಅವರು ಈ ಜಾಗದ ನಾಲ್ಕು ಮೂಲೆಗೂ ಇದ್ದಿಲು ಹಾಕಿದ್ದರು. ಅದಕ್ಕಾಗಿ ಹಿತ್ತಿಲಲ್ಲಿ ಗುಂಡಿ ತೋಡಿ ಬೆಂಕಿ ಹಾಕಿದ್ದರು. ಹೊಗೆ ನೋಡಿ ಯಾರೋ ಫೋನು ಮಾಡಿ ಫೈರ್ ಇಂಜಿನ್ ಬಂದಿತ್ತು. ಪಂಚೆ ಎತ್ತಿ ಕಟ್ಟಿದ ಮುದುಕರು ಫೈರ್‌ಮನ್‌ಗಳಿಗೆ ಮಜ್ಜಿಗೆ ಕೊಟ್ಟು ಕಳಿಸಿದ ಕಥೆ ನಮ್ಮ ಕನ್ನಡದವರ ಪ್ರತಿ ಊಟದಲ್ಲೂ ಒಂದು ಸಲ ಬರುತ್ತಿತ್ತು.

ದಾಖಲೆಯ ಮೂಲೆ ಬೇಲಿಯಾಚೆ ಡಾಕ್ಟರ ಮರದ ಜಗಲಿಯ ಕೆಳಗಿದ್ದುದರಿಂದ ನಾವು ಅಗೆಯಬಹುದಾದದ್ದು ಬೇಲಿಯ ಬುಡವನ್ನಷ್ಟೇ. ಹೀಗಿರುವಾಗ ಬೇಲಿಯ ನೇರ ಕೆಳಗೆ ಇದ್ದಿಲು ಸಿಕ್ಕರೆ, ಮೂರು ಅಡಿ ಡಾಕ್ಟರದೇ.

ನನಗೆ ಅಲ್ಲಿಗೇ ನಿಲ್ಲಿಸುವ ಮನಸ್ಸಾಯಿತು. ಇನ್ನೊಬ್ಬರ ವಿಷಯದಲ್ಲಿ ತಪ್ಪು ಮಾಡುವುದಕ್ಕಿಂತ ಕೈ ತೊಳೆದುಕೊಂಡು ಹೋಗುವುದು ಮೇಲು ಎನ್ನಿಸುವ ಸ್ವಭಾವ ನನ್ನದು. ಆದರೂ ಸಿಕ್ಕಿದ್ದನ್ನು ಹಿರಿಯರಿಗೆ ತೋರಿಸದೆ ಹೋಗುವುದು ಸರಿಯಲ್ಲವೆಂದು ಪೇಪರಿನಲ್ಲಿ ಸುತ್ತಿ ಒಳಗೆ ತಂದೆ.

ಗೌರಮ್ಮ ದಿಂಬಿಗೆ ಒರಗಿ ಕೂತಿದ್ದರು. ಒಂದು ಇದ್ದಿಲನ್ನು ತೆಗೆದುಕೊಂಡು ಬೆರಳಲ್ಲಿ ಹೊರಳಿಸಿದರು. ಇನ್ನೊಂದನ್ನು ತೆಗೆದುಕೊಂಡರು. ಮೂರನೆಯದನ್ನೂ.

"ಇದೆಲ್ಲಿ ಸಿಕ್ತು, ಚೆಲ್ವ?"

"ಬೇಲಿ ಕೆಳಗೆ, ಅವ್ವ."

"ಎಲ್ಲಾವೂ ಒಂದೇ ಅಳ್ತೆ ಐತಲ್ಲಪ್ಪ. ಮರ ಏನು ಇಡ್ಲಿ ಬೇಯ್ಸ್ದಂಗೆ ಬೆಳೀತದಾ?"

ನಾನು ನೋಡಿದೆ. ಹದಿನಾಲ್ಕೂ ಒಂದೇ ಆಕಾರ, ಪುಟ್ಟ ದಿಂಬಿನಂತೆ. ಅಂಗಡಿಯಲ್ಲಿ ಚೀಲದಲ್ಲಿ ಮಾರುವ ಬಾರ್ಬೆಕ್ಯೂ ಇದ್ದಿಲು.

"ಅವತ್ತು ಜಯರಾಮ ಇಂಥದೇ ಒಂದು ಚೀಲ ತಂದ್ಕೊಟ್ಟ," ಎಂದರು ಗೌರಮ್ಮ. "ನಮ್ ಯಜಮಾನ್ರು ಒಂದ ನೀರಿಗಾಕಿ ನೋಡಿ, ಇದು ಇದ್ಲಲ್ಲ ಕಣ್ಲಾ, ಕರೀ ಹಿಟ್ಟು ಅಂತ ಬಿಸಾಕಿದ್ರು. ಆಮ್ಯಾಕೆ ತಾನೆ ಹಣ್ಣಿನ ಮರದ ಕೊಂಬೆ ಕಡ್ದು ಸುಟ್ಟಿದ್ದು, ಆ ಕೆಂಪು ಲಾರಿ ಬಂದಿದ್ದು. ಮೈಥಿಲಿ, ಒಂದು ಲೋಟ ನೀರು ತತ್ತಾರವ್ವ."

"ಅತ್ತೆ, ಕುಡಿಯೋಕಾ?"

"ನಂಗಲ್ಲ. ಇದುಕ್ಕೆ."

ಲೋಟದ ನೀರಿಗೆ ಒಂದನ್ನು ಹಾಕಿ ಕಾಯುತ್ತ ಕೂತೆವು. ಮೈಥಿಲಿ ಕಾಫಿ ಮಾಡಿದರು, ಕುಡಿದೆವು, ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಅಂಚುಗಳು ಬಿಟ್ಟುಕೊಂಡವು. ಅರ್ಧ ಗಂಟೆಯಲ್ಲಿ ಲೋಟದ ತಳದಲ್ಲಿ ಕಪ್ಪು ಕೆಸರು.

ಇಲ್ಲಿ ಪ್ರತಿ ವರ್ಷ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. 1979ರಿಂದ ಏಳು ಚಳಿಗಾಲ ಕಳೆದಿದೆ. ಏಳು ಚಳಿಗಾಲ ಮಣ್ಣಿನಲ್ಲಿದ್ದ ಈ ಸರಕು ಒಂದು ಹಿಡಿ ಕೊಚ್ಚೆಯಾಗಿರಬೇಕಿತ್ತು. ನನ್ನ ಕೈಯಲ್ಲಿದ್ದವುಗಳ ಅಂಚು ಇನ್ನೂ ಚೂಪಾಗಿತ್ತು. ಅಂದರೆ ಕಳೆದ ಮಳೆಗಾಲದ ನಂತರ, ಈ ಬೇಸಿಗೆಯಲ್ಲಿ, ಯಾರೋ ಹೂತಿದ್ದಾರೆ. ಮಲ್ಲಪ್ಪನವರ ಕಥೆಯನ್ನು ಕೇಳಿದ್ದವರು, ಆದರೆ ಪೂರ್ತಿ ಕೇಳದವರು.

ನಾನು ಡಾಕ್ಟರ ಮನೆಗೆ ಹೊರಟೆ. "ನಾನೂ ಬರ್ತೀನಿ," ಎಂದರು ಮೈಥಿಲಿ, ಸೆರಗು ಸಿಕ್ಕಿಸಿಕೊಂಡು.

"ಬೇಡಿ. ನೀವು ಬಂದರೆ ಜಗಳವಾಗುತ್ತೆ. ನಾನು ಹೋದರೆ ಬರೀ ಅವಮಾನ ಆಗುತ್ತೆ, ಅಷ್ಟೇ."

ಅವರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಡಾಕ್ಟರ್ ದ್ವಾರಕಾನಾಥರು ಹಿತ್ತಿಲಲ್ಲೇ ಸಿಕ್ಕರು. ಬೆಂಗಳೂರಿನ ಬಸವನಗುಡಿಯವರು, ಐವತ್ತು ದಾಟಿದ ಒಳ್ಳೆಯ ಮೈಕಟ್ಟು. ಬೇಲಿಯ ಪಕ್ಕದಲ್ಲಿ, ವಿವಾದದ ಆ ಮೂರು ಅಡಿಯನ್ನೂ ಸೇರಿಸಿಕೊಂಡು, ಮರದ ಜಗಲಿಯ ಮಧ್ಯೆ ಅವರ ಹಾಟ್ ಟಬ್ಬು. ನಾಲ್ಕು ಜನ ಕುತ್ತಿಗೆಯವರೆಗೆ ಮುಳುಗಿ ಕೂರಬಹುದಾದ ಬಿಸಿನೀರಿನ ತೊಟ್ಟಿ. ಅವರು ಅದರ ಮುಚ್ಚಳ ಒರೆಸುತ್ತಿದ್ದರು. ನೀರಿನಿಂದ ಹಬೆ ಏಳುತ್ತಿತ್ತು.

"ಬನ್ನಿ ಬನ್ನಿ, ಚೆಲುವರಾಜು. ಬೆಳಿಗ್ಗೆಯಿಂದ ನಮ್ಮ ಫೆನ್ಸ್ ಬುಡದಲ್ಲಿ ಏನೋ ಕೆರೀತಾ ಇದ್ರಿ. ಬೆಕ್ಕು ಅಂದ್ಕೊಂಡೆ."

ನಾನು ಪೇಪರು ಬಿಚ್ಚಿ ಜಗಲಿಯ ಮೇಲಿಟ್ಟೆ.

"ಓ, ಸಿಕ್ತಲ್ಲ!" ಎಂದರು. "ನಾನು ಹೇಳ್ಲಿಲ್ವಾ? ಮಲ್ಲಪ್ಪನವರು ದೊಡ್ಡ ಮನುಷ್ಯರು. ಸತ್ತ ಮೇಲೂ ಸಾಕ್ಷಿ ಹೇಳ್ತಾ ಇದಾರೆ."

"ಇದು ಅವರು ಹೂತಿದ್ದಲ್ಲ, ಡಾಕ್ಟರೇ."

"ಅವರ ಹೆಸರು ಬರೆದಿಲ್ಲ ಅಂತಾನಾ?"

"ನಿಮ್ಮ ತೊಟ್ಟಿಗೆ ಒಂದು ಹಾಕಿ. ಅರ್ಧ ಗಂಟೆ ಬಿಟ್ಟು ನೋಡಿ."

ಅವರು ಹಾಕಲಿಲ್ಲ. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು.

"ಏನ್ರೀ, ಈವ್ನಿಂಗ್ ಕಾಲೇಜಲ್ಲಿ ಪತ್ತೇದಾರಿಕೇನೂ ಸಿಲಬಸ್ಸಲ್ಲಿತ್ತಾ?"

ಹೇಳಬೇಕಾದದ್ದನ್ನು ಮೈಥಿಲಿಯವರ ಮನೆಯಿಂದ ಬರುತ್ತ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಅದನ್ನೇ ಒಪ್ಪಿಸಿದೆ. ಮಲ್ಲಪ್ಪ ಅಂಗಡಿ ಇದ್ದಿಲನ್ನು ಎಸೆದದ್ದು, ಹಣ್ಣಿನ ಮರದ ಕೊಂಬೆ ಸುಟ್ಟದ್ದು, ಏಳು ಚಳಿಗಾಲದ ಮಳೆ, ಲೋಟದ ತಳದ ಕೆಸರು. ಲೆಕ್ಕ ತಪ್ಪಲಿಲ್ಲ.

ಅವರು ತೊಟ್ಟಿಯ ಅಂಚಿನಲ್ಲಿ ಕೂತರು.

"ಕೊಂಬೆ ವಿಷಯ ನಂಗೊತ್ತಿರ್ಲಿಲ್ಲ," ಎಂದರು ಕೊನೆಗೆ. "ಪಾರ್ಟಿಲಿ ಎಲ್ರೂ ಫೈರ್ ಇಂಜಿನ್ ಬಂದಿದ್ದಷ್ಟೇ ಹೇಳಿ ನಗ್ತಿದ್ರು."

"ಹಾಗಾದರೆ ಹೂತಿದ್ದು ನೀವೇ."

"ಆಗಸ್ಟ್‌ನಲ್ಲಿ. ನನ್ನ ಕೈಯಾರೆ. ಬೆನ್ನು ಒಂದು ವಾರ ಹಿಡ್ಕೊಂಡಿತ್ತು."

"ಕಬ್ಬಿಣದ ಕೊಳವೆ?"

"ಅದು ನಂಗೊತ್ತಿಲ್ಲ. ನಿಜವಾಗ್ಲೂ. ಬೇಲಿ ಹಾಕಿದ ಕಂಟ್ರಾಕ್ಟರ್ ಕಿತ್ತಿರಬಹುದು."

"ಡಾಕ್ಟರೇ, ಆ ಅವ್ವ ತಲೆಗೆ ನೀರು ಹಾಕಿಕೊಂಡು ಆರು ತಿಂಗಳಾಯಿತು." ಇದು ನಾನು ಮೊದಲೇ ಯೋಚಿಸಿದ್ದ ಮಾತಲ್ಲ. "ನೀವು ಈ ತೊಟ್ಟಿಯಲ್ಲಿ ಕೂತಾಗ ಅವರ ಮಂಚದ ಪಕ್ಕದ ಆ ಕಿಟಕಿ ನಿಮಗೆ ಕಾಣುತ್ತೆ."

ಅವರು ಕಿಟಕಿಯ ಕಡೆ ನೋಡಲಿಲ್ಲ.

"ನಿಮಗೆ ನಾನು ಕಳ್ಳನ ಹಾಗೆ ಕಾಣ್ತಿದೀನಿ," ಎಂದರು. "ಇದ್ದಿಲು ಸುಳ್ಳು. ಒಪ್ಕೋತೀನಿ. ಜಾಗ ಸುಳ್ಳಲ್ಲ. ಕೂತಿರಿ."

ಒಳಗೆ ಹೋಗಿ ಒಂದು ಕಂದು ಲಕೋಟೆ ತಂದರು. ಅದರಿಂದ ಒಂದೇ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ಕೈಗೆ ಕೊಡಲಿಲ್ಲ.

ಮೇಲೆ ಎರಡು ಮನೆಗಳ ನಕ್ಷೆ. ಮಧ್ಯೆ ವಾಲಿದ ಒಂದು ಗೆರೆ, ಈಗಿನ ಬೇಲಿ ಇರುವಂತೆಯೇ. ಕೆಳಗೆ ಟೈಪು ಮಾಡಿದ ನಾಲ್ಕು ಸಾಲು: ಈ ಗೆರೆಯೇ ಗಡಿಯೆಂದು ಇಬ್ಬರೂ ಒಪ್ಪಿದ್ದೇವೆ. ಎರಡು ಸಹಿ. ಒಂದು ಡಾಕ್ಟರದು, ಇನ್ನೊಂದು ಜಯರಾಮರದು. ತಾರೀಖೂ ಟೈಪಾಗಿತ್ತು. 1981, ಸೆಪ್ಟೆಂಬರ್ ಹನ್ನೆರಡು.

ಐದು ವರ್ಷ ಕಳೆದ ತಿಂಗಳಷ್ಟೇ ತುಂಬಿತ್ತು.

"ಇದನ್ನ ಮೊದಲೇ ಯಾಕೆ ತೋರಿಸಲಿಲ್ಲ?"

"ಮೈಥಿಲಿಗೆ ಹೇಳಬೇಡಿ ಅಂತ ಜಯರಾಮೇ ಕೇಳ್ಕೊಂಡಿದ್ದ. ಸತ್ತವನ ಮಾತು ರೀ. ಅದಕ್ಕೇ ಇದ್ದಿಲು. ಇದ್ದಿಲು ಸಿಕ್ಕಿದ್ರೆ ಮಾವನವರದೇ ಗುರುತು ಅಂತ ಅವರು ಸುಮ್ನಾಗ್ತಿದ್ರು, ಈ ಕಾಗದ ಆಚೆ ಬರ್ತಾನೇ ಇರ್ಲಿಲ್ಲ. ಈಗ ನೀವು ಬಿಡಲ್ಲ ಅಂತೀರಿ. ಸೋಮವಾರ ಲಾಯರ್ ಕೈಗೆ ಕೊಡ್ತೀನಿ."

"ಜಯರಾಮರು ಯಾಕೆ ಒಪ್ಪಿದರು?"

"ಅದು ನಮ್ಮಿಬ್ಬರ ಮಧ್ಯೆ."

"ನಕ್ಷೆ ಬರೆದದ್ದು ಯಾರು?"

"ಯಾರಿಗ್ಗೊತ್ತು? ಅವನೇ ಯಾರ ಕೈಲೋ ಬರೆಸ್ಕೊಂಡು ಬಂದ. ಯಾಕೆ?"

ಅಲ್ಲಿಯವರೆಗೆ ಗೆರೆಯನ್ನು, ಸಹಿಯನ್ನು, ತಾರೀಖನ್ನು ನೋಡುತ್ತಿದ್ದೆ. ಆಗ ನಕ್ಷೆಯ ಮೂಲೆ ನೋಡಿದೆ. ಅಲ್ಲಿ ಉತ್ತರ ದಿಕ್ಕು ತೋರಿಸುವ ಬಾಣ. ಬಾಣದ ಬುಡದಲ್ಲಿ ಒಂದು ಪುಟ್ಟ ಸೊನ್ನೆ, ಸೊನ್ನೆಯೊಳಗೆ ಒಂದು ಚುಕ್ಕೆ.

ಹಾಗೆ ಬರೆಯುವುದನ್ನು ನಮಗೆ ಕಲಿಸಿದವರು ಸಂಜೆ ಪಾಲಿಟೆಕ್ನಿಕ್ಕಿನ ಡ್ರಾಯಿಂಗ್ ಮೇಷ್ಟ್ರು. ಸ್ಯಾನ್ ಮಟಿಯೋದ ನಮ್ಮ ಆಫೀಸಿನಲ್ಲಿ ಅದನ್ನು ನೋಡಿ ಎಲ್ಲರೂ ನಗುತ್ತಿದ್ದರು. ಒಂದೆರಡು ವರ್ಷದಲ್ಲಿ ನಾನು ಬಿಟ್ಟುಬಿಟ್ಟೆ. ಅಂಕಿಗಳನ್ನು ನೋಡಿದೆ. ಏಳಕ್ಕೆ ಅಡ್ಡಗೀಟು, ನಾಲ್ಕರ ತಲೆ ಬಿಚ್ಚಿದ್ದು. ಹಾಳೆಯ ಅಂಚಿನಲ್ಲಿ ನಮ್ಮ ಆಫೀಸಿನ ನೀಲಿ ಚೌಕಟ್ಟು.

ಅಕ್ಷರಗಳು ನನ್ನವು.

ಡಾಕ್ಟರು ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿದರು. "ಯಾಕ್ರೀ, ಮುಖ ಬೆಳ್ಳಗಾಯ್ತು? ನೀರು ಕುಡೀತೀರಾ?"

"ಬೇಡ," ಎಂದು ಎದ್ದೆ.

ಎರಡು ಮನೆಗಳ ನಡುವಿನ ದಾರಿ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ನಾನು ಮಾಡಿದ ಯೋಚನೆಯನ್ನು ಇದ್ದಂತೆ ಬರೆಯುತ್ತೇನೆ.

ನಾನು ಈ ದೇಶಕ್ಕೆ ಬಂದದ್ದು 1982ರ ಫೆಬ್ರವರಿಯಲ್ಲಿ. 1981ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದೆ. ಜಯರಾಮರ ಹೆಸರನ್ನೂ ಕೇಳಿರಲಿಲ್ಲ. ಆದ್ದರಿಂದ ಆ ತಾರೀಖು ಸುಳ್ಳು. ನಾನು ಬಂದ ಮೇಲೆ ಬರೆದದ್ದಾದರೆ ಐದು ವರ್ಷ ಇನ್ನೂ ತುಂಬಿಲ್ಲ. ಮೈಥಿಲಿ ಗೆಲ್ಲಬಹುದು, ಬಚ್ಚಲು ಏಳಬಹುದು. ಅದಕ್ಕೆ ಬೇಕಾದ ಸಾಕ್ಷಿ ನಾನೊಬ್ಬನೇ.

ಆದರೆ ಸಾಕ್ಷಿ ಹೇಳುವುದೆಂದರೆ, ಗಡಿಯ ನಕ್ಷೆಯನ್ನು ಲೈಸೆನ್ಸ್ ಇಲ್ಲದ ನಾನು ಆಫೀಸಿನ ಹಾಳೆಯ ಮೇಲೆ ಬರೆದುಕೊಟ್ಟೆ ಎಂದು ಒಪ್ಪಿಕೊಳ್ಳುವುದು. ನನ್ನ ಗ್ರೀನ್ ಕಾರ್ಡಿನ ಕಾಗದಗಳು ಆಗ ಅದೇ ಆಫೀಸಿನ ಯಜಮಾನರ ಮೇಜಿನ ಮೇಲೆ ಅವರ ಸಹಿಗೆ ಕಾಯುತ್ತಿದ್ದವು. ಇದನ್ನು ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತದೆ. ಆದರೆ ಯೋಚಿಸಿದ್ದು ನಿಜ.

ಮೈಥಿಲಿ ಬಾಗಿಲಲ್ಲೇ ನಿಂತಿದ್ದರು. "ಏನಂದ್ರು?"

"ಇದ್ದಿಲು ಅವರೇ ಹೂತಿದ್ದಂತೆ. ಒಪ್ಪಿಕೊಂಡರು."

"ಸದ್ಯ!" ಎಂದು ಅವರು ಗೋಡೆಗೆ ಒರಗಿದರು. "ಅತ್ತೆ, ಕೇಳಿಸ್ತಾ? ಒಪ್ಕೊಂಡ್ರಂತೆ!"

ಕಾಗದದ ವಿಷಯ ನಾನು ಹೇಳಲಿಲ್ಲ.

ಗೌರಮ್ಮ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಅವರ ತಲೆಯಿಂದ ಹಳೆಯ ಎಣ್ಣೆಯ ವಾಸನೆ ಬಂತು. ಅದು ಅವರಿಗೂ ಗೊತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ದೀಪಾವಳಿ ಎಣ್ಣೆನೀರಿಗಂತೂ ಆಗಕ್ಕಿಲ್ಲ, ಬುಡು. ಸಂಕ್ರಾಂತಿಗಾದ್ರೂ ಆದದಾ, ಮಗ?"

"ನೋಡೋಣ, ಅವ್ವ."

"ನೀನು ಅಳ್ದ್ರೆ ಸರಿಯಾಗೇ ಅಳೀತೀಯ. ಜಯರಾಮನೂ ಅದ್ನೇ ಅಂತಿದ್ದ. ನೀನು ಮೊದ್ಲು ನಮ್ಮನೆಗೆ ಬಂದಿದ್ದು ಗ್ಯಾಪ್ಕ ಐತಾ? ನಾನು ಊರಿಂದ ರಾಗಿಹಿಟ್ಟು ಹೊತ್ಕೊಂಡು ಬಂದಿದ್ದ ವರ್ಸ. ಮುದ್ದೆ ಆರೋಯ್ತದೆ ಏಳ್ರೋ ಅಂದ್ರೂ, ಆ ಮೇಜಿನ ಮ್ಯಾಲೆ ಕಾಗ್ದ ಹರಡ್ಕೊಂಡು ಇಬ್ರೂ ಅದೇನೋ ಗೀಚ್ತಾ ಕುಂತಿದ್ರಿ."

ನಾನು ಊಟದ ಮೇಜಿನ ಕಡೆ ನೋಡಿದೆ.

ಮುದ್ದೆ ನೆನಪಿದೆ. ಈ ದೇಶದಲ್ಲಿ ನಾನು ತಿಂದ ಮೊದಲ ಮುದ್ದೆ, 1982ರ ಜೂನ್, ಒಂದು ಶನಿವಾರ. ಅವರೆಕಾಳಿನ ಸಾರು ನೆನಪಿದೆ. ಎರಡನೆಯ ಮುದ್ದೆ ಕೇಳಲು ಸಂಕೋಚಪಟ್ಟದ್ದೂ ನೆನಪಿದೆ. ಜಯರಾಮರು ಟೇಪಿನ ಇನ್ನೊಂದು ತುದಿ ಹಿಡಿದದ್ದು, "ಹಿತ್ತಿಲಿನ ಒಂದು ಸಣ್ಣ ನಕ್ಷೆ, ಗಿಡ ನೆಡೋಕೆ" ಎಂದದ್ದು, ಅದೂ ಈಗ ಮಸುಕಾಗಿ ಮೇಲೆ ಬರುತ್ತಿದೆ. ಅಂಥ ಊಟ ಹಾಕಿದವರು ಕೇಳಿದ್ದನ್ನು ಯಾಕೆಂದು ಕೇಳದೆ ಬರೆದುಕೊಟ್ಟೆ. ಆ ದಿನಗಳಲ್ಲಿ ಯಾರು ಕೇಳಿದ್ದರೂ ಬರೆದುಕೊಡುತ್ತಿದ್ದೆ.

ಇಷ್ಟು ಗೊತ್ತು. ಗೊತ್ತಿಲ್ಲದ್ದನ್ನೂ ಹೇಳಬೇಕು. ಕೆಳಗಿನ ನಾಲ್ಕು ಸಾಲು ಟೈಪು ಮಾಡಿದವರು ಯಾರು, ಗೊತ್ತಿಲ್ಲ. ಜಯರಾಮರು ಮೂರು ಅಡಿಯನ್ನು ಯಾವುದಕ್ಕೆ ಬಿಟ್ಟುಕೊಟ್ಟರು, ನಿಜವಾಗಿ ಬಿಟ್ಟುಕೊಟ್ಟರೇ, ಗೊತ್ತಿಲ್ಲ. ಆ ಮಧ್ಯಾಹ್ನ ನಾನು ಎರಡು ಮನೆಗಳ ನಡುವೆ ಎಳೆದ ಗೆರೆ ನೆಟ್ಟಗಿತ್ತೋ, ಆಮೇಲೆ ಯಾರಾದರೂ ಅದನ್ನು ಅಳಿಸಿ ವಾರೆ ಮಾಡಿದರೋ, ಅಥವಾ ಜಯರಾಮರು ಬೆರಳಿಟ್ಟು ತೋರಿಸಿದ ಕಡೆಗೆ ನಾನೇ ವಾರೆಯಾಗಿ ಎಳೆದೆನೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಅಕ್ಷರ ನನ್ನದು. ಗೆರೆ ನನ್ನದೋ ಅಲ್ಲವೋ, ನನಗೆ ಗೊತ್ತಿಲ್ಲ.